ಎಳೆಯ ಮಿಶನರಿಯ ಒಂದು ದಿನ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವರ್ಷವರ್ಷವೂ ಈ ವೇದಿಕೆಯಲ್ಲಿ ನಮ್ಮ ಕವಿಗಳನ್ನೂ ಅರಸರನ್ನೂ ಶರಣರನ್ನೂ ದಾಸರನ್ನೂ ನೆನೆಯುವುದು ವಾಡಿಕೆ. ಅದು ಆಗಬೇಕಾದ ಕೆಲಸವೇ ಸರಿ. ಈ ಸಲ ನಮ್ಮ ಕಾರ್ಯದರ್ಶಿಗಳು ನನ್ನನ್ನು ಕರೆದು, "ತಾವು ಏನನ್ನಾದರೂ ಹೇಳಿರಿ, ಆದರೆ ಅರ್ಧ ಗಂಟೆಯಲ್ಲಿ ಮುಗಿಸಿರಿ" ಎಂದು ಅಪ್ಪಣೆ ಮಾಡಿದರು. ಅರ್ಧ ಗಂಟೆಯಲ್ಲಿ ಕನ್ನಡದ ಇತಿಹಾಸವನ್ನೆಲ್ಲ ಹೇಳಿ ಮುಗಿಸುವ ಶಕ್ತಿ ನನಗಿಲ್ಲ. ಆದುದರಿಂದ ಒಬ್ಬ ಹುಡುಗನ ಒಂದು ದಿನವನ್ನು ಮಾತ್ರ ತಮ್ಮ ಮುಂದೆ ಇಡುತ್ತೇನೆ. ಆ ಹುಡುಗ ಕನ್ನಡಿಗನಲ್ಲ. ನಮ್ಮ ಊರಿಗೆ ಬಂದಾಗ ಅವನಿಗೆ ಕನ್ನಡದ ಒಂದು ಅಕ್ಷರವೂ ನೆಟ್ಟಗೆ ಬರುತ್ತಿರಲಿಲ್ಲ. ಅವನು ಬಂದ ಉದ್ದೇಶವೂ ಕನ್ನಡದ ಸೇವೆಯಲ್ಲ. ಹಾಗಿದ್ದರೂ ರಾಜ್ಯೋತ್ಸವದ ದಿನ ಅವನ ಮಾತನ್ನು ಏಕೆ ಎತ್ತಿದೆನೆಂಬುದು ಕೊನೆಗೆ ತಮಗೆ ತಿಳಿಯುವುದು.

ಈ ವಿಷಯ ನನ್ನ ಮನಸ್ಸಿಗೆ ಬಂದುದು ನನ್ನ ತಂಗಿಯ ಮಗ ಬರೆದ ಒಂದು ಓಲೆಯಿಂದ. ಓಲೆಯೆಂದರೆ ಈಗಿನ ಕಾಲದ ಓಲೆ, ಮೊಬೈಲಿನಲ್ಲಿ ಬಂದದ್ದು. ಅವನು ಅಮೆರಿಕೆಯ ಅರಿಜೋನಾ ಪ್ರಾಂತದ ಒಂದು ಚಿಕ್ಕ ಊರಿನಲ್ಲಿ ಕೆಲಸಕ್ಕಿದ್ದಾನೆ. ಸುತ್ತಲೂ ಮರುಭೂಮಿ. ಬೇಸಗೆಯಲ್ಲಿ ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಕಾಣುವುದಿಲ್ಲವಂತೆ. ಅಂಥ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದು ನೋಡಿದರೆ ಬಿಳಿಯ ಅಂಗಿ, ಕೊರಳಲ್ಲಿ ಟೈ, ಎದೆಯ ಮೇಲೆ ಹೆಸರಿನ ಕಪ್ಪು ಪಟ್ಟಿ ಧರಿಸಿದ ಇಬ್ಬರು ಹುಡುಗರು. ಬೆವರಿನಿಂದ ತೊಯ್ದು ಹೋಗಿದ್ದರು. "ಮಾಮಾ, ಮೀಸೆ ಕೂಡ ಸರಿಯಾಗಿ ಮೂಡದ ಹುಡುಗರು. ಧರ್ಮದ ಮಾತು ಬೇಡ, ನೀರು ಕುಡಿದು ಹೋಗಿರಿ ಎಂದೆ. ನೀರು ಕುಡಿದರು, ಕೃತಜ್ಞತೆ ಹೇಳಿದರು, ಮುಂದಿನ ಮನೆಯ ಬಾಗಿಲು ಬಡಿದರು" ಎಂದು ಬರೆದಿದ್ದ.

ಆ ಹುಡುಗರು ಮಾರ್ಮನ್ ಪಂಥದವರು. 1830ರಲ್ಲಿ ಜೋಸೆಫ್ ಸ್ಮಿತ್ ಎಂಬವನು ನ್ಯೂಯಾರ್ಕ್ ಪ್ರಾಂತದಲ್ಲಿ ಸ್ಥಾಪಿಸಿದ ಪಂಥವದು. ಬೇರೆಯವರ ಹಿಂಸೆಗೆ ಗುರಿಯಾಗಿ ಊರಿಂದೂರಿಗೆ ಓಡಿ, ಕಡೆಗೆ 1847ರಲ್ಲಿ ಯೂಟಾದ ಮರುಭೂಮಿಯಲ್ಲಿ ಉಪ್ಪಿನ ಸರೋವರದ ಬಳಿ ಆ ಜನ ನೆಲೆನಿಂತರು. ಅವರ ಗಂಡುಮಕ್ಕಳು ಎರಡು ವರ್ಷ ಮನೆಬಿಟ್ಟು, ಹೇಳಿದ ಊರಿಗೆ ಹೋಗಿ ಧರ್ಮಪ್ರಚಾರ ಮಾಡಬೇಕೆಂಬ ಪದ್ಧತಿಯಿದೆ. ಮೊದಲು ಹತ್ತೊಂಬತ್ತು ವರ್ಷ ತುಂಬಿರಬೇಕಿತ್ತು. 2012ರಿಂದ ಹದಿನೆಂಟು ತುಂಬಿದರೆ ಸಾಕು. ಸಂಬಳವಿಲ್ಲ, ಖರ್ಚನ್ನು ತಾವೋ ತಮ್ಮ ಮನೆಯವರೋ ಹೊರಬೇಕು. ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ, ಸದಾ ಜೊತೆಗಾರನಿರಬೇಕು. ಬೆಳಿಗ್ಗೆ ಆರೂವರೆಗೆ ಏಳುವುದು, ಪ್ರಾರ್ಥನೆ, ಗ್ರಂಥಪಠನ, ಪರಭಾಷೆಯ ನಾಡಾದರೆ ಭಾಷಾಭ್ಯಾಸ, ಆಮೇಲೆ ರಾತ್ರಿಯವರೆಗೆ ಬೀದಿ ಬೀದಿ ಅಲೆದಾಟ, ಹತ್ತೂವರೆಗೆ ಮಲಗುವುದು. ಇದು ಅವರ ರೂಢಿಯ ದಿನಚರಿ. ವಾರದಲ್ಲಿ ಒಂದು ದಿನ ಬಟ್ಟೆ ಒಗೆಯುವುದಕ್ಕೆ, ಸಾಮಾನು ತರುವುದಕ್ಕೆ, ಮನೆಗೆ ಬರೆಯುವುದಕ್ಕೆ. ಮನೆಯವರೊಡನೆ ಫೋನಿನಲ್ಲಿ ಮಾತಾಡುವ ಅವಕಾಶ ವರ್ಷಕ್ಕೆ ಎರಡೇ ಸಲ ಇದ್ದಿತು. ವಾರಕ್ಕೊಮ್ಮೆ ಮಾತಾಡಬಹುದೆಂದು ಆದುದು 2019ರಲ್ಲಿ. 1993ರಿಂದ ಬೆಂಗಳೂರಿನಲ್ಲಿಯೂ ಇವರದೊಂದು ಕಾರ್ಯಕೇಂದ್ರವಿದೆ.

ಅಳಿಯನ ಓಲೆ ಓದಿದಾಗ ನನ್ನ ಕಣ್ಣಮುಂದೆ ಬಂದುದು ಅರಿಜೋನಾ ಅಲ್ಲ. ನನ್ನ ಊರು ಬೆಟಗೇರಿ. ಗದಗಿನ ಮಗ್ಗುಲಲ್ಲಿರುವ ನೇಕಾರರ ಊರು. ನಮ್ಮದು ಮರುಭೂಮಿಯಲ್ಲವಾದರೂ ಬಯಲುಸೀಮೆ. ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ. ಹುಬ್ಬಳ್ಳಿ ದಾಟಿ ಮೂಡಲಿಗೆ ನಡೆದರೆ ಎರೆಭೂಮಿ ಸುರುವಾಗುತ್ತದೆ. ಚೈತ್ರ ವೈಶಾಖಗಳಲ್ಲಿ ನೆಲ ಬಿರುಕು ಬಿಟ್ಟು ಕಾಲು ಸಿಕ್ಕುವಷ್ಟು ಬಾಯಿ ತೆರೆಯುವುದನ್ನು ಆ ಕಡೆಯವರು ಬಲ್ಲರು. ನಾನು ಹುಡುಗನಾಗಿದ್ದಾಗ ಹಳೆಯ ಮಿಶನ್ ಕಟ್ಟಡಗಳ ಮುಂದೆ ಹಾಯ್ದು ಹೋಗುತ್ತಿದ್ದೆ. ಅಲ್ಲಿ ಯಾರಿದ್ದರು, ಎಲ್ಲಿಂದ ಬಂದಿದ್ದರು ಎಂದು ಒಮ್ಮೆಯೂ ಕೇಳಿರಲಿಲ್ಲ. ಮುಪ್ಪಿನಲ್ಲಿ, ಈ ಸಾನಪಾಡಾದಲ್ಲಿ ಕುಳಿತು, ಅವರ ವಿಷಯ ಓದತೊಡಗಿದೆ.

ಅವರು ಬಾಸೆಲ್ ಮಿಶನ್ನಿನವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆಯದು. ಇಂಗ್ಲಿಷರಲ್ಲದ ಮಿಶನರಿಗಳಿಗೂ ಹಿಂದೂಸ್ಥಾನದ ಬಾಗಿಲು 1833ರ ಕಾಯಿದೆಯಿಂದ ತೆರೆಯಿತು. 1834ರಲ್ಲಿ ಮೂವರು ಮಂಗಳೂರಿಗೆ ಬಂದಿಳಿದರು. ಘಟ್ಟ ಹತ್ತಿ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದರು. ಅದಕ್ಕೂ ಮುಂಚೆ, 1810ರಲ್ಲಿಯೇ, ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಬಳ್ಳಾರಿಯ ಸುಡುವ ಬಂಡೆಗಳ ನಡುವೆ ಬಂದು ಕುಳಿತಿದ್ದರು. ಈ ಜನರಲ್ಲಿ ಹೆಚ್ಚಿನವರು ಇಪ್ಪತ್ತರಿಂದ ಮೂವತ್ತರೊಳಗಿನ ತರುಣರೆಂಬುದನ್ನು ನಾವು ಮರೆಯಬಾರದು. ಗಡ್ಡ ನೆರೆತ ಚಿತ್ರಗಳನ್ನೇ ನೋಡಿ ನೋಡಿ, ಅವರು ಹುಟ್ಟುವಾಗಲೇ ಮುದುಕರಾಗಿದ್ದರೆಂದು ನಾವು ತಿಳಿದುಕೊಂಡಿದ್ದೇವೆ.

ಅಂಥ ತರುಣರಲ್ಲಿ ಒಬ್ಬನು ಫರ್ಡಿನಾಂಡ್ ಕಿಟೆಲ್. 1832ರಲ್ಲಿ ಜರ್ಮನಿಯ ಉತ್ತರದ ಕಡಲತೀರದ ನಾಡಿನಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿ, ಬಾಸೆಲಿನಲ್ಲಿ ಮೂರು ವರ್ಷ ತರಬೇತು ಪಡೆದು, 1853ರಲ್ಲಿ ಧಾರವಾಡಕ್ಕೆ ಬಂದನು. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಆ 1853ನ್ನು ನಾವು ಈ ಕಡೆಯವರು ಇನ್ನೊಂದು ಕಾರಣಕ್ಕೆ ಬಲ್ಲೆವು. ಆ ವರ್ಷದ ಏಪ್ರಿಲ್ 16ರಂದು ಬೋರಿಬಂದರಿನಿಂದ ನಮ್ಮ ಠಾಣೆಗೆ, 34 ಕಿಲೋಮೀಟರ್ ದೂರ, ಈ ದೇಶದ ಮೊದಲನೆಯ ಪ್ರಯಾಣಿಕರ ರೈಲು ಓಡಿತು. ಧಾರವಾಡವೂ ಆಗ ಮುಂಬಯಿ ಇಲಾಖೆಗೆ ಸೇರಿದ್ದಿತು. ಆದರೆ ಆ ರೈಲಿನಿಂದ ಧಾರವಾಡದ ಕಡೆಯವರಿಗೆ ಏನೂ ಆಗುವಂತಿರಲಿಲ್ಲ. ಅಲ್ಲಿಯ ಸಂಚಾರವೆಲ್ಲ ಎತ್ತಿನ ಗಾಡಿ, ಕುದುರೆ, ಅಥವಾ ಕಾಲ್ನಡಿಗೆ. ಸೂಯೆಜ್ ಕಾಲುವೆ ತೆರೆಯುವುದಕ್ಕೆ ಇನ್ನೂ ಹದಿನಾರು ವರ್ಷಗಳಿದ್ದವು.

ಇನ್ನು, ಅಂಥ ತರುಣನ ಒಂದು ದಿನವನ್ನು ನೋಡೋಣ. ಇದು ಕಿಟೆಲನೊಬ್ಬನ ದಿನಚರಿಯಲ್ಲ. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಹೊಸದಾಗಿ ಬಂದಿಳಿದ ಮಿಶನರಿ ತರುಣರೆಲ್ಲರ ದಿನವೂ ಬಹುಮಟ್ಟಿಗೆ ಹೀಗೆಯೇ ಇರುತ್ತಿದ್ದಿತು.

ಬಿಸಿಲಿನ ನಾಡಿನಲ್ಲಿ ಕೆಲಸವೆಲ್ಲ ನಸುಕಿನಲ್ಲಿ ಆಗಬೇಕು. ಕೋಳಿ ಕೂಗುವ ಹೊತ್ತಿಗೆ ಏಳುವುದು, ಪ್ರಾರ್ಥನೆ, ಬೈಬಲಿನ ಪಠನ. ಹೊತ್ತು ಏರುವುದರೊಳಗೆ ಮುನ್ಶಿಗಳು ಬರುತ್ತಿದ್ದರು. ಪಂಚೆ, ರುಮಾಲು, ಬಗಲಲ್ಲಿ ಪುಸ್ತಕ. ಆ ಮುನ್ಶಿಗಳು ನೆಲದ ಮೇಲೆ ಮರಳು ಹರಡಿ ನಮ್ಮ ಗಾಂವಟಿ ಶಾಲೆಯ ಮಕ್ಕಳಿಗೆ ಕಲಿಸುತ್ತಿದ್ದ ಅಕ್ಷರಗಳನ್ನೇ ಈ ಪರದೇಶದ ಪಂಡಿತನಿಗೂ ಕಲಿಸಬೇಕಾಗಿದ್ದಿತು. ಹೀಬ್ರೂ, ಗ್ರೀಕ್, ಲ್ಯಾಟಿನ್ ಓದಿ ಬಂದವನು ಇಲ್ಲಿ ಅ ಆ ಇ ಈ ಎಂದು ತಿದ್ದಬೇಕು. ನಮ್ಮ "ಳ"ಕಾರ ಅವರ ನಾಲಿಗೆಗೆ ಒಗ್ಗುವುದಿಲ್ಲ. ಹಳ್ಳಿಗೆ ಹೋಗುತ್ತೇನೆ ಎನ್ನಹೋದರೆ ಹಲ್ಲಿಗೆ ಹೋಗುತ್ತೇನೆ ಎಂದಾಗುವುದು. ಮುನ್ಶಿಗಳು ನಗುವಂತಿಲ್ಲ, ಸಂಬಳ ಕೊಡುವ ದೊರೆ. ಹುಡುಗನು ಸಿಟ್ಟಾಗುವಂತಿಲ್ಲ, ವಿದ್ಯೆ ಕೊಡುವ ಗುರು. ಹಾಗೆ ಇಬ್ಬರೂ ಹಳ್ಳಿ, ಹಲ್ಲಿ ಎಂದು ಹತ್ತು ಸಲ, ನೂರು ಸಲ.

ನೆರವಿಗೆ ಪುಸ್ತಕಗಳು ಬೆರಳೆಣಿಕೆಯವು. ಸಿರಾಂಪುರದ ವಿಲಿಯಂ ಕೇರಿಯವರು 1817ರಲ್ಲಿ ಅಚ್ಚು ಹಾಕಿಸಿದ ಕನ್ನಡ ವ್ಯಾಕರಣ, ಮೆಕೆರೆಲ್ ಎಂಬ ಅಧಿಕಾರಿಯ 1820ರ ವ್ಯಾಕರಣ, ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಅವರ ನಿಘಂಟು. ಪುಸ್ತಕದ ಕನ್ನಡವನ್ನು ಕಲಿತು ಪೇಟೆಗೆ ಹೋದರೆ ಪೇಟೆಯ ಕನ್ನಡವೇ ಬೇರೆ. "ಬರುತ್ತೇನೆ" ಎಂದು ಕಲಿತವನ ಕಿವಿಗೆ "ಬರ್ತೇನ್ರಿ", "ಬರತೀನಿ" ಬಿದ್ದರೆ ಅವನು ಏನು ಮಾಡಬೇಕು? ಒಂದು ಚೀಟಿಯ ಮೇಲೆ ಬರೆದುಕೊಂಡು ಮನೆಗೆ ಬಂದು ಮುನ್ಶಿಗಳನ್ನು ಕೇಳಬೇಕು. ಈ ಬರೆದುಕೊಳ್ಳುವ ಅಭ್ಯಾಸವನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದರಿಂದಲೇ ಒಂದು ದೊಡ್ಡ ಕಾರ್ಯವಾಯಿತು.

ಹತ್ತು ಗಂಟೆಯ ಮೇಲೆ ಮಿಶನ್ನಿನ ಶಾಲೆ. ಮಕ್ಕಳ ಹಾಜರಿ, ಪಾಠ, ಮಾಸ್ತರರ ತಕರಾರು. ಮಧ್ಯಾಹ್ನ ಬಾಗಿಲು ಕಿಟಕಿ ಮುಚ್ಚಿ ಒಳಗಿರುವುದು. ಹೊತ್ತು ಇಳಿದ ಮೇಲೆ ಹಿರಿಯ ಮಿಶನರಿಯ ಜೊತೆಯಲ್ಲಿ ಪೇಟೆಗೆ. ಸಂತೆಯ ದಿನವಾದರೆ ಒಂದು ಕಟ್ಟೆಯ ಮೇಲೆ ನಿಂತು ಉಪದೇಶ. ಜನ ಸುತ್ತ ಸೇರುತ್ತಿದ್ದರು. ಬಿಳಿಯ ಮನುಷ್ಯ ಕನ್ನಡ ಮಾತಾಡುತ್ತಾನಂತೆ ಎಂದರೆ ಯಾರು ತಾನೆ ನಿಲ್ಲುವುದಿಲ್ಲ! ಆದರೆ ನಮ್ಮ ಜನ ಸುಮ್ಮನೆ ಕೇಳಿಸಿಕೊಂಡು ಹೋಗುವವರಲ್ಲ. ಜಂಗಮರು ವಚನಗಳನ್ನು ಎತ್ತಿ ಕೇಳುವರು, ಶಾಸ್ತ್ರಿಗಳು ಗೀತೆಯನ್ನು ಎತ್ತಿ ಕೇಳುವರು, ತರಕಾರಿ ಮಾರುವವಳು ಗಾದೆಯೊಂದನ್ನು ಎಸೆದು ನಗಿಸಿಬಿಡುವಳು. ಇಪ್ಪತ್ತೊಂದರ ತರುಣನು ಆ ಗಾದೆಯ ಅರ್ಥವಾಗದೆ ನಿಂತುಬಿಡುವನು. ಆ ರಾತ್ರಿ ಅವನ ಚೀಟಿಯಲ್ಲಿ ಆ ಗಾದೆ ಇರುತ್ತಿದ್ದಿತು.

ರಾತ್ರಿ ಎಣ್ಣೆಯ ದೀಪದ ಮುಂದೆ ಕುಳಿತು ಬರೆಯುವುದು. ಬಾಸೆಲಿನ ಆಡಳಿತ ಮಂಡಲಿಗೆ ನಿಯಮದಂತೆ ವರದಿ ಕಳಿಸಬೇಕು: ಎಷ್ಟು ಹಳ್ಳಿ, ಯಾರೊಡನೆ ವಾದ, ಯಾರ ಮನಸ್ಸು ತಿರುಗಿತು, ಎಷ್ಟು ಖರ್ಚು. ಆಮೇಲೆ ತಾಯಿಗೆ ಕಾಗದ. ಆ ಕಾಗದ ಮುಟ್ಟುವುದಕ್ಕೆ ತಿಂಗಳುಗಳು, ಉತ್ತರ ಬರುವುದಕ್ಕೆ ಮತ್ತೆ ತಿಂಗಳುಗಳು. ತಾಯಿಗೆ ಕಾಯಿಲೆಯೆಂದು ತಿಳಿದಾಗ ಅವಳು ಗುಣವಾಗಿದ್ದಾಳೋ ಮಣ್ಣಾಗಿದ್ದಾಳೋ ಹೇಳುವವರಿಲ್ಲ. ಇಲ್ಲಿ ಕುಳಿತ ನಮ್ಮಲ್ಲಿ ಹಿರಿಯರಾದವರಿಗೆ ಈ ಸಂಕಟ ಅಪರಿಚಿತವಲ್ಲ. ಮುಂಬಯಿಗೆ ಬಂದ ಹೊಸದರಲ್ಲಿ ಊರಿನಿಂದ ತಂತಿ ಬಂತೆಂದರೆ ಒಡೆಯುವುದಕ್ಕೆ ಕೈ ನಡುಗುತ್ತಿದ್ದ ಕಾಲವನ್ನು ನಾವೂ ಕಂಡಿದ್ದೇವೆ.

ಮಳೆ ನಿಂತು ದಾರಿ ಒಣಗಿದ ಮೇಲೆ ಸಂಚಾರ. ಹಳ್ಳಿಯಿಂದ ಹಳ್ಳಿಗೆ, ಜಾತ್ರೆಯಿಂದ ಜಾತ್ರೆಗೆ. ಜ್ವರ, ಆಮಶಂಕೆ, ವಾಂತಿಬೇನೆ ಅವರ ಬೆನ್ನಿಗೇ ಇದ್ದವು. ಮದುವೆಯಾಗಬೇಕೆಂದರೂ ಕೆಲವು ವರ್ಷ ಸೇವೆ ಸಲ್ಲಬೇಕು, ಬಾಸೆಲಿನ ಮಂಡಲಿಯ ಅಪ್ಪಣೆ ಬೇಕು. ಎಷ್ಟೋ ಸಲ ತಾನು ಕಂಡೇ ಇರದ ಕನ್ಯೆ ಹಡಗಿನಲ್ಲಿ ಬರುತ್ತಿದ್ದಳು. ಕಿಟೆಲರೂ ಮೊದಲ ಹೆಂಡತಿಯನ್ನು ಕೆಲವೇ ವರ್ಷಗಳಲ್ಲಿ ಕಳೆದುಕೊಂಡು, ಮುಂದೆ ಅವಳ ತಂಗಿಯನ್ನೇ ಕೈಹಿಡಿದರು. (ನೋಡಿರಿ, ಇಷ್ಟು ಹೊತ್ತು "ಹುಡುಗ" ಎಂದು ಏಕವಚನದಲ್ಲಿ ಕರೆದವನು ನಾನು, ಮನುಷ್ಯನು ದುಃಖ ಕಂಡ ಮೇಲೆ ಬಹುವಚನ ತಾನಾಗಿ ಬರುತ್ತದೆ.)

ಇಷ್ಟೆಲ್ಲ ಪಟ್ಟ ಪಾಡಿಗೆ ಫಲವೇನು? ಅವರು ಯಾವ ಕೆಲಸಕ್ಕೆ ಬಂದರೋ ಆ ಕೆಲಸ ನಮ್ಮ ಬಯಲುಸೀಮೆಯಲ್ಲಿ ಹೆಚ್ಚು ಸಾಗಲಿಲ್ಲ. ಕರಾವಳಿಗೆ ಹೋಲಿಸಿದರೆ ಈ ಕಡೆ ಮತಾಂತರವಾದವರು ಬಹಳ ಸ್ವಲ್ಪ. ಒಂದು ಸಲ ಕಾಲಜ್ಞಾನಿಗಳೆಂಬ ಪಂಥದ ಜನ ತಾವಾಗಿ ಮಿಶನರಿಗಳನ್ನು ಹುಡುಕಿಕೊಂಡು ಬಂದರು. ದೂರದಿಂದ ಗುರುಗಳು ಬರುವರೆಂಬ ನಂಬಿಕೆ ಅವರಲ್ಲಿ ಇದ್ದಿತು. ಮಿಶನ್ನಿನವರ ಆಸೆ ಆಕಾಶಕ್ಕೆ ಏರಿತು. ಬೆಟಗೇರಿಯ ಬಳಿ ಮಲಸಮುದ್ರದಲ್ಲಿ ನೆಲ ತೆಗೆದುಕೊಂಡು ವಸತಿ ಕಟ್ಟಿಸಿದರು. ಬರುವೆವೆಂದವರು ಬರಲಿಲ್ಲ. ಆ ಯೋಜನೆ ಬಿದ್ದುಹೋಯಿತು.

ಆದರೆ ಬಾಗಿಲು ಬಾಗಿಲಿಗೆ ಅಲೆದ ಈ ಜನ ಒಂದು ಮಾತನ್ನು ಬೇಗನೆ ಕಂಡುಕೊಂಡರು. ಜಂಗಮನ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಬಸವಪುರಾಣವನ್ನು ಓದಬೇಕು. ಹರಿದಾಸನೊಡನೆ ಮಾತಾಡಬೇಕಾದರೆ ದಾಸರ ಪದಗಳನ್ನು ತಿಳಿಯಬೇಕು. ವಾದ ಗೆಲ್ಲುವುದಕ್ಕಾಗಿ ಓದತೊಡಗಿದರು. ಓದುತ್ತ ಓದುತ್ತ ಅವರಲ್ಲಿ ಕೆಲವರಿಗೆ ಆ ಓದಿನಲ್ಲಿಯೇ ಪ್ರೀತಿ ಹುಟ್ಟಿತು. ಹರ್ಮನ್ ಮೋಗ್ಲಿಂಗ್ ಇಪ್ಪತ್ತೈದನೆಯ ವಯಸ್ಸಿನಲ್ಲಿ, 1836ರಲ್ಲಿ, ಬಂದವರು. 1843ರ ಜುಲೈ 1ರಂದು ಅವರು "ಮಂಗಳೂರ ಸಮಾಚಾರ"ವನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆಯೆಂದು ನಾವು ಇಂದೂ ಅದನ್ನು ನೆನೆಯುತ್ತೇವೆ. ಕಲ್ಲಚ್ಚಿನಲ್ಲಿ ಸುರುವಾದ ಆ ಪತ್ರಿಕೆ ಮರುವರ್ಷವೇ ಮೊಳೆಯಚ್ಚಿಗಾಗಿ ಬಳ್ಳಾರಿಗೆ ಹೋಗಿ "ಕನ್ನಡ ಸಮಾಚಾರ" ಎಂದಾಯಿತು. 1848ರಿಂದ ಮೋಗ್ಲಿಂಗರು ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಒಂದೊಂದಾಗಿ ಕಲ್ಲಚ್ಚಿನಲ್ಲಿ ಹೊರತಂದರು. ಓಲೆಗರಿಯಲ್ಲಿ ಕಟ್ಟಿಟ್ಟಿದ್ದ ನಮ್ಮ ಸಂಪತ್ತು ಅಂಗಡಿಯಲ್ಲಿ ಸಿಕ್ಕುವ ಪುಸ್ತಕವಾಗತೊಡಗಿತು.

ಇನ್ನು ಕಿಟೆಲರು. ಅವರ ಮನಸ್ಸು ಕನ್ನಡದ ಪದಗಳಲ್ಲಿ ಸಿಕ್ಕಿಬಿದ್ದಿತು. ಈ ನಾಡಿನವರ ನಡುವೆ ಈ ನಾಡಿನವನಂತೆ ಬಾಳಬೇಕೆಂಬ ಅವರ ಹಂಬಲ ಮೇಲಿನವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಅವರು ಬಿಡಲಿಲ್ಲ. 1862ರಲ್ಲಿ ಯೇಸುವಿನ ಕಥೆಯನ್ನು "ಕಥಾಮಾಲೆ" ಎಂದು ಕನ್ನಡದ ಪದ್ಯದಲ್ಲಿಯೇ ಬರೆದರು. 1872ರಲ್ಲಿ ಕೇಶಿರಾಜನ "ಶಬ್ದಮಣಿದರ್ಪಣ"ವನ್ನು, 1875ರಲ್ಲಿ ನಾಗವರ್ಮನ ಛಂದಸ್ಸನ್ನು ಸಂಪಾದಿಸಿ ಅಚ್ಚು ಮಾಡಿಸಿದರು. 1877ರಲ್ಲಿ ಜರ್ಮನಿಗೆ ಹಿಂತಿರುಗಿದವರು, ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಇಲ್ಲಿಗೆ ಬಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಿದ್ದಿತು. ಸುಮಾರು 70,000 ಪದಗಳು, 1,700ಕ್ಕೂ ಮಿಕ್ಕಿದ ಪುಟಗಳು. ಹಳೆಯ ಕಾವ್ಯದ ಪದ ಅದರಲ್ಲಿದೆ, ಹೊಲದ ಪದ ಇದೆ, ಅಡಿಗೆಮನೆಯ ಪದ ಇದೆ, ತಮಿಳು ತೆಲುಗು ಮಲಯಾಳ ತುಳುಗಳಲ್ಲಿರುವ ನೆಂಟರ ಹೆಸರೂ ಇದೆ. ಗಾದೆಗಳೂ ಇವೆ. ತರಕಾರಿಯವಳು ಎಸೆಯುತ್ತಿದ್ದಂಥ ಗಾದೆ ಅಲ್ಲಿ ಎಲ್ಲಿಯೋ ಒಂದು ಪುಟದಲ್ಲಿ ಕುಳಿತಿರಬೇಕೆಂದು ನಾನು ನಂಬಿಕೊಂಡಿದ್ದೇನೆ. ತಮಗೆ ನೆರವಾದ ಇಲ್ಲಿಯ ಪಂಡಿತರನ್ನು ಅವರು ಮರೆಯಲಿಲ್ಲ, ಮುನ್ನುಡಿಯಲ್ಲಿ ನೆನೆದಿದ್ದಾರೆ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಕನ್ನಡ ವ್ಯಾಕರಣವನ್ನು ಹೊರತಂದು, ಅದೇ ವರ್ಷ ತೀರಿಕೊಂಡರು.

ಇದನ್ನು ಕೇಳಿ ತಮ್ಮಲ್ಲಿ ಕೆಲವರು, "ನಮ್ಮ ಧರ್ಮ ಕೆಡಿಸಲು ಬಂದವರನ್ನು ಈ ಹಬ್ಬದ ದಿನ ಹೊಗಳಬೇಕೆ?" ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಿಮ್ಮ ದೇವರು ಸುಳ್ಳು ಎಂದು ಸಂತೆಯಲ್ಲಿ ನಿಂತು ಹೇಳುವವನ ಮಾತನ್ನು ನಮ್ಮ ಹಿರಿಯರು ಒಪ್ಪಲಿಲ್ಲ, ನಾವೂ ಒಪ್ಪಬೇಕಾಗಿಲ್ಲ. ಬೆನ್ನ ಹಿಂದೆ ಆಳುವವರ ಬಲವಿದ್ದುದನ್ನೂ ಮರೆಯಬೇಕಾಗಿಲ್ಲ. ನಾನು ಹೊಗಳುವುದು ಸಂತೆಯ ಕಟ್ಟೆಯ ಮೇಲೆ ನಿಂತವನನ್ನಲ್ಲ. ಬೆಳಿಗ್ಗೆ ಮುನ್ಶಿಗಳ ಮುಂದೆ ಕುಳಿತು ಹಳ್ಳಿ, ಹಲ್ಲಿ ಎಂದು ತಿದ್ದಿಕೊಂಡವನನ್ನು. ಪರನಾಡಿಗೆ ಬಂದವನು ಆ ನಾಡಿನ ಮಾತಿನ ಮುಂದೆ ವಿದ್ಯಾರ್ಥಿಯಾಗಿ ಕುಳಿತನು. ಕಲಿಸಲು ಬಂದವನ ಉಪದೇಶ ಗಾಳಿಯಲ್ಲಿ ಹೋಯಿತು. ಕಲಿಯಲು ಕುಳಿತವನ ಚೀಟಿಗಳು ಉಳಿದವು.

ಈಗ ನನ್ನ ಮನೆಯ ಮಾತನ್ನು ಎರಡು ನಿಮಿಷ ಹೇಳಿ ಮುಗಿಸುತ್ತೇನೆ.

ಕಳೆದ ಬೇಸಗೆಯಲ್ಲಿ ನನ್ನ ಮೊಮ್ಮಗಳು, ಇಂಗ್ಲಿಷ್ ಶಾಲೆಯಲ್ಲಿ ಏಳನೆಯ ತರಗತಿ ಓದುವವಳು, ನಾನು ಊರಿನವರೊಡನೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ, "ಅಜ್ಜಾ, ಕೂರಿಗೆ ಅಂದರೇನು?" ಎಂದಳು. ಮೂರು ತಾಳಿನದು, ಬೀಜ ಬಿತ್ತುವ ಸಾಧನ ಎಂದೆ. ತಾಳು ಎಂದರೇನು ಎಂದಳು. ಕೈಯಿಂದ ಗಾಳಿಯಲ್ಲಿ ಬರೆದು ತೋರಿಸಿದೆ. ಅವಳಿಗೆ ತಿಳಿಯಲಿಲ್ಲ. ಕಡೆಗೆ ಕಪಾಟಿನಿಂದ ಕಿಟೆಲರ ನಿಘಂಟನ್ನು ಇಳಿಸಿ ಪದವನ್ನು ತೆಗೆದುಕೊಟ್ಟೆ. ಅದರ ಮುಂದಿನ ಇಂಗ್ಲಿಷ್ ಅರ್ಥವನ್ನು ಓದಿಕೊಂಡು, "ಓ, ಇದಾ!" ಎಂದು ತಟ್ಟನೆ ಹೇಳಿದಳು. ಅವಳು ಆಟಕ್ಕೆ ಓಡಿದಳು. ನಾನು ಅಲ್ಲಿಯೇ ಕುಳಿತುಬಿಟ್ಟೆ. ಮೂರು ತಲೆಮಾರು ಕೂರಿಗೆ ಹಿಡಿದ ಮನೆತನ ನಮ್ಮದು. ನನ್ನ ಮೊಮ್ಮಗಳಿಗೆ ಕೂರಿಗೆಯನ್ನು, ನೂರು ವರ್ಷಕ್ಕೂ ಹಿಂದೆ ತೀರಿಕೊಂಡ ಜರ್ಮನಿಯ ಒಬ್ಬನು, ಮಹಾರಾಷ್ಟ್ರದ ಈ ನೆಲದಲ್ಲಿ, ಇಂಗ್ಲಿಷಿನಲ್ಲಿ ತಿಳಿಯಹೇಳಬೇಕಾಯಿತು. ತಪ್ಪು ಆ ಮಗುವಿನದಲ್ಲ. ಅವಳು ಕೇಳಿದಳು. ಅವಳ ತಂದೆ ಹುಡುಗನಾಗಿದ್ದಾಗ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಂಜಾನೆ ಲೋಕಲ್ ಹಿಡಿಯುವುದು, ರಾತ್ರಿ ದಣಿದು ಬರುವುದು, ಇದರ ನಡುವೆ ಹೇಳುವುದಕ್ಕೆ ಪುರುಸೊತ್ತಿಲ್ಲವೆಂದು ನಾನೇ ನನಗೆ ಹೇಳಿಕೊಂಡಿದ್ದೆ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ನಾನು ಈ ಕಡೆಗೆ ಬಂದು ಹದಿನೈದು ವರ್ಷವಾದರೂ ಮರಾಠಿ ಕಲಿಯಲಿಲ್ಲ. ಆಫೀಸಿನಲ್ಲಿ ಇಂಗ್ಲಿಷ್, ಪೇಟೆಯಲ್ಲಿ ಮುರುಕು ಹಿಂದಿ, ಮನೆಯಲ್ಲಿ ಕನ್ನಡ. ಸಾಗುತ್ತಿದ್ದಿತು. ನಮ್ಮ ಎದುರು ಮನೆಯಲ್ಲಿ ಒಬ್ಬ ಮರಾಠಿ ಆಜಿ ಇದ್ದರು. ಅವರು ಮಾತಾಡಿಸಿದರೆ ನಾನು "ಹೋ, ಹೋ" ಎಂದು ತಲೆಯಾಡಿಸಿ ಬಾಗಿಲು ಹಾಕಿಕೊಳ್ಳುವುದು. ಒಂದು ವರ್ಷ ನನ್ನ ಹೆಂಡತಿ ದೊಡ್ಡ ಬೇನೆ ಬಿದ್ದಳು. ನಲವತ್ತು ದಿನ ಆಸ್ಪತ್ರೆ. ನಾನು ಆಸ್ಪತ್ರೆಯಲ್ಲಿದ್ದಾಗ ಮಕ್ಕಳಿಗೆ ಉಣ್ಣಲು ಹಾಕಿದವರು ಆ ಆಜಿ. ನಲವತ್ತು ದಿನವೂ ಹಾಕಿದರು. ಹೆಂಡತಿ ಮನೆಗೆ ಬಂದ ದಿನ ನಾನು ಅವರ ಮನೆಗೆ ಹೋಗಿ ನಿಂತೆ. ಏನು ಹೇಳಲಿ? ಆಫೀಸಿನ ಹಿಂದಿಯಲ್ಲಿ ಹೇಳುವ ಮಾತೇ ಅದು? ಬಾಯಿಂದ ಶಬ್ದ ಹೊರಡಲಿಲ್ಲ. ಕೈಮುಗಿದು ಅತ್ತುಬಿಟ್ಟೆ. ಅವರು ಏನೋ ಹೇಳಿ ಸಮಾಧಾನ ಮಾಡಿದರು. ಅವರು ಹೇಳಿದ್ದೇನೆಂಬುದೂ ನನಗೆ ತಿಳಿಯಲಿಲ್ಲ.

ಆ ಮರುದಿನದಿಂದ, ಐವತ್ತು ಹತ್ತಿರವಾದ ವಯಸ್ಸಿನಲ್ಲಿ, ಆಜಿಯ ಮುಂದೆ ಕುಳಿತು ಮರಾಠಿ ಕಲಿಯತೊಡಗಿದೆ. ಅವರೇ ನನ್ನ ಮುನ್ಶಿ. ಚೀಟಿಯ ಮೇಲೆ ಪದ ಬರೆದುಕೊಂಡು ಹೋಗುತ್ತಿದ್ದೆ. ನನ್ನ ತಪ್ಪಿಗೆ ಅವರು ಹೊಟ್ಟೆತುಂಬ ನಗುತ್ತಿದ್ದರು. ಅವರೂ ನನ್ನ ಹೆಂಡತಿಯಿಂದ ನಾಲ್ಕು ಕನ್ನಡ ಮಾತು ಕಲಿತರು, "ಊಟ ಆತೇನವಾ?" ಎಂದು ಬಾಗಿಲಲ್ಲಿ ನಿಂತು ಕೇಳುವರು, ಅದೂ ನಮ್ಮ ಬೆಟಗೇರಿಯ ರಾಗದಲ್ಲಿ. ಅವರು ಈಗಿಲ್ಲ. ಅವರು ತೀರಿಕೊಂಡ ದಿನ ಅವರ ಮಗನ ಮುಂದೆ ನಾನು ಮರಾಠಿಯಲ್ಲಿ ನಾಲ್ಕು ಮಾತಾಡಬಲ್ಲವನಾಗಿದ್ದೆ. ಮೊದಲು ಹೇಳಲಾಗದೆ ಉಳಿದ ಮಾತು ಅಂದು ಹೇಳಿದೆ.

ಸಾನಪಾಡಾ, ನೆರೂಳ್, ವಾಶಿ, ತುರ್ಭೆಗಳಿಂದ ಇಂದು ಇಲ್ಲಿ ಸೇರಿದ ನಾವೆಲ್ಲರೂ ಹೊಟ್ಟೆಪಾಡಿಗೆ ಬಂದವರು. ಧರ್ಮ ಹರಡಲು ಬಂದವರಲ್ಲ. ಆದರೂ ಆ ಎಳೆಯ ಮಿಶನರಿಯ ದಿನಚರಿಯಿಂದ ಒಂದು ಗಂಟೆಯನ್ನು, ಬೆಳಗಿನ ಆ ಮುನ್ಶಿಗಳ ಗಂಟೆಯನ್ನು ಮಾತ್ರ, ನಾವು ಎರವಲು ಪಡೆಯಬಹುದು. ಅದನ್ನು ಎರಡು ಪಾಲು ಮಾಡೋಣ. ಅರ್ಧ ಗಂಟೆ ನಮ್ಮ ಮಕ್ಕಳು ನಮ್ಮ ಮುಂದೆ ಕುಳಿತು ಕನ್ನಡದ ಪದ ಕೇಳಲಿ. ಅವರು ತಪ್ಪಿದರೆ ನಗದೆ ತಿದ್ದೋಣ. ಉಳಿದರ್ಧ ಗಂಟೆ ನಾವು ಎದುರು ಮನೆಯವರ ಮುಂದೆ ಕುಳಿತು ಅವರ ಪದ ಕೇಳೋಣ. ಅವರು ನಕ್ಕರೆ ನಾವೂ ನಗೋಣ. ನಮ್ಮ ಸಂಘದ ಹಿರಿಯರು ಒಪ್ಪಿದರೆ ಒಂದು ಕೆಲಸವನ್ನೂ ಸೂಚಿಸುತ್ತೇನೆ. ಇಲ್ಲಿ ಬಂದಿರುವ ಪ್ರತಿಯೊಂದು ಮನೆಯವರೂ ತಮ್ಮ ಊರಿನ, ತಮ್ಮ ಕಸುಬಿನ ಹತ್ತು ಹತ್ತು ಪದಗಳನ್ನು ಚೀಟಿಯಲ್ಲಿ ಬರೆದು ಸಂಘಕ್ಕೆ ಕೊಡಲಿ. ನೇಕಾರರ ಮನೆಯವರು ಮಗ್ಗದ ಪದ ಕೊಡಲಿ, ಒಕ್ಕಲುಮಕ್ಕಳು ಹೊಲದ ಪದ ಕೊಡಲಿ, ಕರಾವಳಿಯವರು ದೋಣಿಯ ಪದ ಕೊಡಲಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಅವನ್ನು ಅಚ್ಚು ಮಾಡೋಣ. ಅರ್ಥವನ್ನು ಮಾತ್ರ ಕನ್ನಡದಲ್ಲಿಯೇ ಬರೆಯೋಣ. ಮೊದಲ ಚೀಟಿ ನನ್ನ ಮೊಮ್ಮಗಳದು. ಅವಳೇ ಬರೆದಿದ್ದಾಳೆ, "ಕೂರಿಗೆ" ಎಂದು. "ರಿ" ಸ್ವಲ್ಪ ವಕ್ರವಾಗಿದೆ, ಇರಲಿ.

ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಮಕ್ಕಳು ನನ್ನನ್ನು ಕ್ಷಮಿಸಲಿ.